ರೂಟರಿಗೆ ಮಡಿ ಉಡಿಸಿದ ಭಾವ

ನನ್ನ ಭಾವನಷ್ಟು ನಿಧಾನದ ಮನುಷ್ಯ ಘಟ್ಟದ ಮೇಲೂ ಇಲ್ಲ, ಘಟ್ಟದ ಕೆಳಗೂ ಇಲ್ಲ. ನಂಬುವುದಿಲ್ಲವೇ? ಅವನ ಕೈಗೆ ಒಂದು ಸ್ಕ್ರೂಡ್ರೈವರ್ ಕೊಟ್ಟು, ನಾಲ್ಕು ಸ್ಕ್ರೂ ಬಿಚ್ಚು ಎಂದು ಹೇಳಿ, ನೀವು ಸಿರಸಿಯಿಂದ ಕುಮಟೆಗೆ ಹೋಗಿ ಸಮುದ್ರ ನೋಡಿಕೊಂಡು ಬನ್ನಿ. ಬರುವಷ್ಟರಲ್ಲಿ ಮೂರು ಸ್ಕ್ರೂ ಬಿಚ್ಚಿರುತ್ತಾನೆ. ನಾಲ್ಕನೆಯದನ್ನು ಬಿಚ್ಚಬಹುದೋ ಬಾರದೋ ಎಂದು ಯೋಚಿಸುತ್ತ ಕೂತಿರುತ್ತಾನೆ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಮ್ಮ ಪದ್ಧತಿಯಲ್ಲಿ ನನಗೆ ಅವನು ಭಾವ, ಅವನಿಗೆ ನಾನೂ ಭಾವ. ಹೀಗಾಗಿ ನಾವಿಬ್ಬರು ಫೋನಿನಲ್ಲಿ ಮಾತಾಡುವುದನ್ನು ಕೇಳಿದವರಿಗೆ ಯಾರು ಯಾರನ್ನು ಬೈಯುತ್ತಿದ್ದಾರೆ ಎಂದು ತಿಳಿಯುವುದೇ ಇಲ್ಲ. ನಾನೇ ತಿಳಿಸಿಬಿಡುತ್ತೇನೆ, ಬೈಯುವವನು ಯಾವಾಗಲೂ ನಾನು. ಅವನಿಗೆ ಬೈಯಲು ಬೇಕಾಗುವಷ್ಟು ವೇಗ ಇಲ್ಲ. ಮದುವೆಯೂ ಆಗಲಿಲ್ಲ. ಒಮ್ಮೆ ಭೈರುಂಬೆ ಕಡೆ ಹೆಣ್ಣು ನೋಡಲು ಹೋದವನು ಆ ಮನೆಯ ಮೀಟರ್ ಬೋರ್ಡಿನ ಎದುರು ಮುಕ್ಕಾಲು ತಾಸು ನಿಂತು, "ಅರ್ಥಿಂಗ್ ಸರಿ ಇಲ್ಲೆ" ಎಂದು ಹೇಳಿ, ಹೆಣ್ಣಿನ ಮುಖ ನೋಡುವುದನ್ನು ಮರೆತು ವಾಪಸು ಬಂದ. ಆಮೇಲೆ ಯಾರು ಕರೆಯುತ್ತಾರೆ? ಇಸಳೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಗಂಜಿ ಬೇಯಿಸಿಕೊಂಡು ಇದ್ದುಬಿಟ್ಟ.

ನಾವಿಬ್ಬರೂ ಒಂದೇ ಸಹಕಾರಿ ಸಂಘದ ನೌಕರರು. ತೋಟದವರಿಗೆ ಬೇಕಾದ ಗೊಬ್ಬರ, ಮೈಲುತುತ್ತ, ಹಗ್ಗ, ಅಕ್ಕಿಬೇಳೆ ಇಂಥದ್ದನ್ನೆಲ್ಲ ಮಾರುವ ಸಂಘ. ಮುಖ್ಯ ಕಚೇರಿ ಸಿರಸಿಯಲ್ಲಿ, ಒಂದು ಶಾಖೆ ಸಿದ್ದಾಪುರದಲ್ಲಿ, ಇನ್ನೊಂದು ಯಲ್ಲಾಪುರದಲ್ಲಿ. ನಾನು ಸಿದ್ದಾಪುರ ಶಾಖೆಯ ಮುಖ್ಯಸ್ಥ. ಭಾವ ಸಿರಸಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷ ಆಗಿರಬಹುದು, ನಮ್ಮ ಅಧ್ಯಕ್ಷರಿಗೆ ಮೂರೂ ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಉಮೇದು ಹತ್ತಿತು. ಅದನ್ನು ಕಲಿತು ಬರಲು ಯಾರನ್ನಾದರೂ ಹುಬ್ಬಳ್ಳಿಗೆ ಎರಡು ವಾರ ಕಳಿಸಬೇಕಿತ್ತು. ಯಾರೂ ಒಪ್ಪಲಿಲ್ಲ. ಭಾವ ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅವನು ಯೋಚಿಸಿ ಮುಗಿಸುವ ಮೊದಲೇ ಬಸ್ಸು ಹತ್ತಿಸಿ ಕಳಿಸಿದರು.

ಕಲಿಯಬೇಕಾದದ್ದಾದರೂ ಏನು ಬ್ರಹ್ಮವಿದ್ಯೆ! ರೂಟರ್ ಎಂಬ ಒಂದು ಕಬ್ಬಿಣದ ಡಬ್ಬಿ. ಅದರ ಹಿಂದೆ ಖಾಲಿ ಗೂಡುಗಳು. ಗೂಡಿಗೆ ಅಂಗೈಯಷ್ಟು ದೊಡ್ಡ ಕಾರ್ಡು ತೂರಿಸಬೇಕು. ಆ ಕಾರ್ಡಿಗೆ ಹೆಬ್ಬೆರಳಿನಷ್ಟು ದಪ್ಪದ ವೈರು ಸಿಕ್ಕಿಸಬೇಕು, ಆ ವೈರನ್ನು ಮೊಡೆಮ್ಮಿಗೆ, ಮೊಡೆಮ್ಮನ್ನು ಟೆಲಿಫೋನಿನವರು ಕೊಟ್ಟ ಲೈನಿಗೆ. ಆಮೇಲೆ ಕಂಪ್ಯೂಟರಿನ ಎದುರು ಕೂತು, ಯಾವ ಕಾರ್ಡು ಯಾವ ಊರಿನ ಜೊತೆ ಮಾತಾಡಬೇಕು ಎಂದು ರೂಟರಿಗೆ ನಾಲ್ಕು ಸಾಲು ಆಜ್ಞೆ ಬರೆಯಬೇಕು. ಸಿರಸಿಯ ಡಬ್ಬಿಯಲ್ಲಿ ಎರಡು ಕಾರ್ಡು, ಸಿದ್ದಾಪುರದಲ್ಲಿ ಒಂದು, ಯಲ್ಲಾಪುರದಲ್ಲಿ ಒಂದು. ಮೂರು ಊರಿಗೆ ನಾಲ್ಕು ಕಾರ್ಡು. ಇಷ್ಟಕ್ಕೆ ನಮ್ಮ ಭಾವ ಎರಡು ತಿಂಗಳು ತೆಗೆದುಕೊಂಡ.

ಅವನು ಎಷ್ಟು ದಿನ ತೆಗೆದುಕೊಂಡರೆ ನಿನಗೇನು ಕಷ್ಟ ಎಂದು ನೀವು ಕೇಳಬಹುದು. ಕಷ್ಟ ಇತ್ತು. ಹಿಂದಿನ ವರ್ಷ ನನ್ನ ಹೆಂಡತಿಗೆ ಪಾರ್ಶ್ವವಾಯು ಆಗಿ ಬಲಗಡೆ ಕೈಕಾಲು ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ಹಗಲು ಪಕ್ಕದ ಮನೆಯ ಹೆಂಗಸೊಬ್ಬರು ಬಂದು ಕೂರುತ್ತಿದ್ದರು, ಸಂಜೆ ಆರಕ್ಕೆ ಅವರು ಹೊರಡಬೇಕು. ಊಟ ಮಾತ್ರ ನಾನು ಮಾಡಿಸಿದರೇ ಮಾಡುತ್ತಿದ್ದಳು, ಬೇರೆಯವರು ತುತ್ತು ಹಿಡಿದರೆ ಬಾಯಿ ಮುಚ್ಚಿಬಿಡುತ್ತಿದ್ದಳು. ನಮ್ಮ ಸಂಘದ ನಿಯಮವೋ, ಆ ದಿನದ ದಾಸ್ತಾನಿನ ಪಟ್ಟಿ ಅದೇ ಸಂಜೆ ಸಿರಸಿಗೆ ಮುಟ್ಟಬೇಕು. ಅದನ್ನು ನೋಡಿಯೇ ಮರುದಿನದ ಲಾರಿ ತುಂಬುವುದು. ಲೈನ್ ಇದ್ದರೆ ಒಂದು ಗುಂಡಿ ಒತ್ತಿ ಆರಕ್ಕೆ ಮನೆಗೆ ಹೋಗಬಹುದು. ಲೈನ್ ಇಲ್ಲದಿದ್ದರೆ ಶಾಖೆಯ ಮುಖ್ಯಸ್ಥನೇ ಆ ಪಟ್ಟಿಯನ್ನು ಫ್ಲಾಪಿ ಎಂಬ ತೆಳು ಡಿಸ್ಕಿಗೆ ತುಂಬಿ, ಹಿಡಿದುಕೊಂಡು ಬಸ್ಸಿನಲ್ಲಿ ಸಿರಸಿಗೆ ಹೋಗಿ ಕೊಟ್ಟು ಬರಬೇಕು. ಮನೆ ಸೇರುವಾಗ ಒಂಬತ್ತು. ಅಷ್ಟು ಹೊತ್ತೂ ಅವಳು ಉಪವಾಸ. ಆದ್ದರಿಂದ ಆ ಲೈನು ನೆಟ್ಟಗಿರಬೇಕು ಎನ್ನುವುದು ಸಂಘಕ್ಕಿಂತ ನನಗೆ ಹೆಚ್ಚು ಬೇಕಾಗಿತ್ತು. ಅದು ಇದ್ದದ್ದು ಎಂಥವನ ಕೈಯಲ್ಲಿ ಎನ್ನುವುದನ್ನು ಇನ್ನು ಕೇಳಿ.

ಹುಬ್ಬಳ್ಳಿಯಲ್ಲಿ ಯಾರೋ ಅವನಿಗೆ ಒಂದು ಮಾತು ಹೇಳಿಬಿಟ್ಟಿದ್ದರು. ಮನುಷ್ಯನ ಮೈಯಲ್ಲಿ ಕಣ್ಣಿಗೆ ಕಾಣದ ಕರೆಂಟು ಇರುತ್ತದೆ, ಕಾರ್ಡು ಮುಟ್ಟುವ ಮೊದಲು ಅದನ್ನು ಭೂಮಿಗೆ ಇಳಿಸಬೇಕು. ಒಣ ಹವೆಯ ಹುಬ್ಬಳ್ಳಿಗೆ ಅದು ಸರಿಯೇ. ಆದರೆ ಜೂನ್ ತಿಂಗಳ ಸಿರಸಿಯಲ್ಲಿ? ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಂಕಿಪೆಟ್ಟಿಗೆಯನ್ನು ಒಲೆಯ ಪಕ್ಕ ಇಟ್ಟರೂ ಕಡ್ಡಿ ಹತ್ತುವುದಿಲ್ಲ. ಅಂಥಲ್ಲಿ ಮೈಯೊಳಗಿನ ಕರೆಂಟು! ಊರಿಗೆಲ್ಲ ಲೈನಿನ ಚಿಂತೆಯಾದರೆ ಇವನಿಗೆ ಮೈಲಿಗೆಯ ಚಿಂತೆ. ಕಾರ್ಡು ಮುಟ್ಟುವ ಮೊದಲು ಕೈಕಾಲು ತೊಳೆದು ಬರುತ್ತಿದ್ದ. ಬರಿಗಾಲು, ಹತ್ತಿಯ ಅಂಗಿ, ಕೈಗಡಿಯಾರ ಬಿಚ್ಚಿಟ್ಟು, ಬಲಗೈ ಮಣಿಕಟ್ಟಿಗೆ ತಾಮ್ರದ ತಂತಿ ಸುತ್ತಿ, ಅದರ ತುದಿಯನ್ನು ನಲ್ಲಿಯ ಪೈಪಿಗೆ ಕಟ್ಟಿಕೊಂಡು ಕೂರುತ್ತಿದ್ದ. ಉಳಿದವರು ನಾಲ್ಕು ಅಡಿ ದೂರ. ನಮ್ಮ ಅಜ್ಜಿ ಅಡುಗೆ ಮನೆಯಲ್ಲಿ ಮಡಿ ಮಾಡಿದ್ದಕ್ಕಿಂತ ಇದು ಜೋರು.

"ಭಾವ, ಹಿಂದೆ ನಿಂತ್ಕ. ಮುಟ್ಟಡ" ಎಂದ ಮೊದಲ ದಿನ.

"ಎಂತಕ್ಕೆ?"

"ಮೈಯಲ್ಲಿ ಕರೆಂಟ್ ಇರ್ತು. ತಾಗಿದ್ರೆ ಕಾರ್ಡು ಸತ್ತೋಗ್ತು."

"ಯನ್ನ ಮೈಯಲ್ಲಿ ಕರೆಂಟ್ ಇದ್ದಿದ್ರೆ ನಿನ್ನೆ ಸಂಜೆ ಚಿಮಣಿ ಬುಡ್ಡಿ ಎಂತಕ್ಕೆ ಹಚ್ಚವಾಗಿತ್ತು?"

ಅವನು ಅದಕ್ಕೂ ಉತ್ತರ ಯೋಚಿಸಿದ. ನಾನು ಹಿಂದೆ ನಿಂತೆ.

ಉದ್ಘಾಟನೆಯ ದಿನದ ಕತೆ ಇನ್ನೂ ಚೆನ್ನ. ಅಧ್ಯಕ್ಷರು ರೇಷ್ಮೆ ಶಾಲು ಹೊದ್ದು, ಆರತಿ ತಟ್ಟೆ ಹಿಡಿದು, ರೂಟರಿಗೆ ಕುಂಕುಮ ಹಚ್ಚಲು ಬಂದರು. ಭಾವ ಅಡ್ಡ ನಿಂತ. ಅಧ್ಯಕ್ಷರು ಎಂದರೆ ಯಾರೆಂದುಕೊಂಡಿರಿ, ಅವರ ಎದುರು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಸೀನುವುದೂ ಇಲ್ಲ. "ರೇಷ್ಮೆ ಬೇಡ ಸರ್, ಕುಂಕುಮವೂ ಬೇಡ, ಗೂಡಿನೊಳಗೆ ಪುಡಿ ಬೀಳ್ತದೆ" ಎಂದ. ಭಟ್ಟರ ಕೈಯಲ್ಲಿ ಗಂಟೆ ಅಲ್ಲೇ ನಿಂತಿತು. ಕೊನೆಗೆ ಏನಾಯಿತು ಗೊತ್ತೇ? ರೂಟರ್ ಬಂದ ರಟ್ಟಿನ ಖಾಲಿ ಪೆಟ್ಟಿಗೆಯನ್ನು ಮಣೆಯ ಮೇಲೆ ಇಟ್ಟು, ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಅಧ್ಯಕ್ಷರು ಅದಕ್ಕೇ ಕೈಮುಗಿದರು. ಆ ಪೆಟ್ಟಿಗೆ ಈಗಲೂ ಗೋದಾಮಿನಲ್ಲಿ ಇದೆ, ಎಸೆಯಲು ಯಾರಿಗೂ ಧೈರ್ಯ ಇಲ್ಲ.

ವೈರು ಕಟ್ಟುವುದರಲ್ಲಿ ಮತ್ತೊಂದು ಪ್ರತಾಪ. ಕಂಪನಿಯವರು ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದರು, ವೈರುಗಳನ್ನು ಒಟ್ಟು ಮಾಡಿ ಬಿಗಿಯಲು. ಭಾವನಿಗೆ ಅದು ಸೇರಲಿಲ್ಲ. ಬಾಳೆನಾರು ನೆನೆಹಾಕಿ ತಂದ! ಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುವಾಗ ಬಿಗಿಯಬಾರದು, ಬಳ್ಳಿ ದಪ್ಪವಾಗಲು ಜಾಗ ಬಿಡಬೇಕು ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದೇ ಲೆಕ್ಕದಲ್ಲಿ ಎರಡು ಬೆರಳು ಸಡಿಲ ಬಿಟ್ಟು, ಗೇಣಿಗೊಂದು ಗಂಟು ಹಾಕುತ್ತ ರೂಟರಿನಿಂದ ಮೊಡೆಮ್ಮಿನವರೆಗೆ ವೈರು ಹಬ್ಬಿಸಿದ.

"ಇದು ವೈರು ಮಾರಾಯ, ಬೆಳೀತಿಲ್ಲೆ" ಎಂದೆ.

"ಬೆಳೀತಿಲ್ಲೆ. ಆದ್ರೂ ಬಿಗಿ ಕಟ್ಲಾಗ."

"ಹೂವು ಬಿಡ್ತಾ ಮತ್ತೆ?"

"ನೋಡನ" ಎಂದ. ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ಇವತ್ತಿಗೂ ನನಗೆ ತಿಳಿದಿಲ್ಲ. ಒಂದು ತಿಂಗಳಲ್ಲಿ ಇಲಿಗಳು ಆ ನಾರನ್ನೆಲ್ಲ ಗೂಡು ಕಟ್ಟಲು ಒಯ್ದವು. ಭಾವ ಬಂದು ನೋಡಿ, ಸಿಟ್ಟು ಮಾಡದೆ, ಮತ್ತೆ ನಾರು ನೆನೆಹಾಕಿದ. ನಮ್ಮ ಶಾಖೆಯ ಇಲಿಗಳಷ್ಟು ಸುಖವಾಗಿ ಬಾಣಂತನ ಮಾಡಿಸಿಕೊಂಡ ಇಲಿಗಳು ತಾಲ್ಲೂಕಿನಲ್ಲಿ ಬೇರೆ ಇರಲಿಕ್ಕಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತು. ಆ ಮಂಗಳವಾರದ್ದನ್ನು ಮಾತ್ರ ಸಹಿಸಲು ಆಗಲಿಲ್ಲ. ಟೆಲಿಫೋನಿನವರು ಏನೋ ಬದಲಾವಣೆ ಮಾಡಿ, ನಮ್ಮ ರೂಟರಿಗೆ ಆಜ್ಞೆಗಳನ್ನು ಹೊಸದಾಗಿ ಬರೆಯಬೇಕಾಗಿ ಬಂತು. ಭಾವ ಹನ್ನೆರಡು ಗಂಟೆಗೆ ಬಂದು ಕೂತ. ಒಂದು ಬೆರಳಿನಲ್ಲಿ ಹೊಡೆಯುವುದು, ಪ್ರತಿ ಸಾಲನ್ನೂ ಎರಡೆರಡು ಸಲ ಓದುವುದು. ಮೂರು ಗಂಟೆಗೆ ಎಲ್ಲ ಮುಗಿಯಿತು. ಲೈನ್ ಬಂತು, ಹಸಿರು ದೀಪ ಹತ್ತಿತು. ಇನ್ನು ಉಳಿದದ್ದು ಬರೆದದ್ದನ್ನು ಸೇವ್ ಮಾಡುವ ಒಂದೇ ಒಂದು ಆಜ್ಞೆ. ಅದನ್ನು ಕೊಡದಿದ್ದರೆ ಕರೆಂಟು ಹೋದ ತಕ್ಷಣ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಭಾವ ಗಡಿಯಾರ ನೋಡಿದ, ಕೈಕಟ್ಟಿ ಕೂತ.

"ಸೇವ್ ಮಾಡು ಮಾರಾಯ" ಎಂದೆ.

"ರಾಹುಕಾಲ. ನಾಲ್ಕೂವರೆ ತನಕ ಇದ್ದು."

"ಇಷ್ಟೊತ್ತು ಹೊಡದ್ಯಲ, ಅದೂ ಬೇಡಾಗಿತ್ತು ಹಾಂಗಾದ್ರೆ."

"ಹೊಡಿಯಲೆ ಅಡ್ಡಿಲ್ಲೆ. ಹೊಡದಿದ್ದು ಅಳಸ್ಲಕ್ಕು. ಉಳಿಸದು ರಾಹುಕಾಲದಲ್ಲಿ ಆಗ್ತಿಲ್ಲೆ."

ಇಂಥ ಶಾಸ್ತ್ರ ಯಾವ ಪಂಚಾಂಗದಲ್ಲಿದೆ ಹೇಳಿ? ನಾನೇ ಒತ್ತಿಬಿಡೋಣ ಎಂದರೆ ಯಾವುದನ್ನು ಒತ್ತಬೇಕೆಂದು ನನಗೆ ಗೊತ್ತಿಲ್ಲ. ನಾಲ್ಕು ಹತ್ತಕ್ಕೆ ಕರೆಂಟು ಹೋಯಿತು. ಯುಪಿಎಸ್ಸು ಎರಡು ನಿಮಿಷ ಕೂಗಿ ಕೂಗಿ ಸುಮ್ಮನಾಯಿತು. ಮೂರು ತಾಸಿನ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಭಾವ, "ಹೋತು" ಎಂದ. ಅಷ್ಟೇ. ಕರೆಂಟು ಬಂದ ಮೇಲೆ ಮತ್ತೆ ಮೊದಲ ಸಾಲಿನಿಂದ ಒಂದೇ ಬೆರಳಿನಲ್ಲಿ ಶುರು ಮಾಡಿದ. ನಾನು ಫ್ಲಾಪಿ ಹಿಡಿದು ಸಿರಸಿ ಬಸ್ಸು ಹತ್ತಿದೆ. ಅವತ್ತು ಮನೆಗೆ ಬಂದಾಗ ಹೆಂಡತಿ ಹಸಿದು ಸುಸ್ತಾಗಿ ಮಲಗಿದ್ದಳು. ಅವಳ ಅಣ್ಣನನ್ನು ಅವಳ ಎದುರಿಗೇ ಬಾಯಿಗೆ ಬಂದಂತೆ ಬೈದೆ. ಅವಳು ಮೆಲ್ಲಗೆ, ತೊದಲುತ್ತ, "ಅಣ್ಣ ಹಾಂಗೇಯ" ಎಂದಳು. ಅದರಿಂದ ನನ್ನ ಸಿಟ್ಟು ಇನ್ನೂ ಏರಿತು.

ಇನ್ನು ಸಿಡಿಲಿನ ವಿಚಾರ. ಮೇ ತಿಂಗಳು ಬಂತೆಂದರೆ ಭಾವನಿಗೆ ಆಕಾಶ ನೋಡುವುದೇ ಕೆಲಸ. ಸಿರಸಿಯಲ್ಲಿ ಕೂತು ಸಿದ್ದಾಪುರದ ಮೋಡಕ್ಕೆ ಹೆದರುತ್ತಿದ್ದ. ದಿನಕ್ಕೆ ಮೂರು ನಾಲ್ಕು ಫೋನು.

"ಮೋಡ ಕಟ್ಟಿದ್ದಾ?"

"ಕಟ್ಟಿದ್ದು."

"ಕಾರ್ಡಿಂದ ವೈರು ತೆಗಿ."

"ಗುಡುಗು ಇನ್ನೂ ಬಂಜಿಲ್ಲೆ."

"ಗುಡುಗಿದ ಮೇಲೆ ತೆಗುದು ಎಂತ ಮಾಡ್ತು?"

ಮೋಡ ಕಂಡಾಗೆಲ್ಲ ವೈರು ತೆಗೆಯುತ್ತ ಹಾಕುತ್ತ ಕೂತರೆ ಶಾಖೆ ನಡೆಸುವವರು ಯಾರು? ಒಂದು ಮಧ್ಯಾಹ್ನ ನಿಲ್ಕುಂದದ ಕಡೆಯವರು ಮೈಲುತುತ್ತ ಒಯ್ಯಲು ಜೀಪು ಮಾಡಿಕೊಂಡು ಬಂದಿದ್ದರು. ಅಂಗಡಿ ತುಂಬ ಜನ. ಭಾವನ ಫೋನು ಒಮ್ಮೆ ಬಂತು, ಎರಡನೇ ಸಲ ಬಂತು. ಮೂರನೇ ಸಲ ಬಂದಾಗ ನಾನು "ತೆಗ್ದಾತು" ಎಂದು ಸುಳ್ಳು ಹೇಳಿ ಇಟ್ಟೆ. ಹತ್ತು ನಿಮಿಷಕ್ಕೆ ಸಿಡಿಲು ಬಡಿಯಿತು. ಎಲ್ಲೋ ಹತ್ತಿರದಲ್ಲೇ ಬಿತ್ತು, ಕಿವಿ ಗುಂಯ್ ಎಂದಿತು. ನೋಡುತ್ತೇನೆ, ರೂಟರಿನ ದೀಪ ಇಲ್ಲ. ಯಾರಿಗೂ ಕಾಣದ ಹಾಗೆ ವೈರು ತೆಗೆದಿಟ್ಟು, ಫ್ಲಾಪಿ ಹಿಡಿದು ಸಿರಸಿಗೆ ಹೊರಟೆ.

ಮರುದಿನ ಮೊದಲ ಬಸ್ಸಿಗೆ ಭಾವ ಬಂದ. ನನ್ನನ್ನು ಎಂದಿನಂತೆ ನಾಲ್ಕು ಅಡಿ ದೂರ ನಿಲ್ಲಿಸಿ ಕಾರ್ಡು ಹೊರಗೆ ತೆಗೆದ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಧೂಳು ಹಿಡದ್ದು. ಒರ್ಸಿ ತರವು" ಎಂದು ಕಾಗದದಲ್ಲಿ ಸುತ್ತಿಕೊಂಡು ಹೋದ. ವಾಪಸು ತಂದದ್ದು ಅದರ ಮರುದಿನ ಮಧ್ಯಾಹ್ನ. ಧೂಳು ಒರೆಸಲು ಒಂದು ಹಗಲು, ಒಂದು ರಾತ್ರಿ! ಕಾರ್ಡು ಹಾಕಿ ವೈರು ಸಿಕ್ಕಿಸಿದ, ಹಸಿರು ದೀಪ ಹತ್ತಿತು. ನನಗೆ ಒಳಗೊಳಗೇ ಖುಷಿ. ಸಿಡಿಲಿಗೆ ಏನೂ ಆಗಲಿಲ್ಲ, ಇಷ್ಟು ವರ್ಷ ನನ್ನನ್ನು ಸುಮ್ಮನೆ ಕುಣಿಸಿದ ಎಂದುಕೊಂಡೆ. ಅಂದು ಆರಕ್ಕೆ ಸರಿಯಾಗಿ ಮನೆ ಸೇರಿದೆ.

ಅದೇ ವಾರ ಸಿರಸಿಯಿಂದ ಸುದ್ದಿ ಬಂತು. ಸಿಡಿಲಿಗೆ ಯಲ್ಲಾಪುರದ ಕಾರ್ಡು ಸುಟ್ಟಿದೆ, ಹೊಸದು ಬೆಂಗಳೂರಿನಿಂದ ಬರಲು ತಿಂಗಳ ಮೇಲಾಗುತ್ತದೆ, ಅಲ್ಲಿಯವರೆಗೆ ಯಲ್ಲಾಪುರದ ಫ್ಲಾಪಿಯನ್ನು ಭಾವನೇ ದಿನಾ ಬಸ್ಸಿನಲ್ಲಿ ಹೋಗಿ ತರುತ್ತಾನೆ. ಮಂತ್ರವಾದಿಯ ಮನೆಗೇ ದೆವ್ವ ಹೊಕ್ಕ ಸುದ್ದಿ! ನಾನು ಸಿಕ್ಕಿದವರಿಗೆಲ್ಲ ಹೇಳಿ ನಕ್ಕೆ. ಅಧ್ಯಕ್ಷರು ಅವನಿಂದ ಲಿಖಿತ ವಿವರಣೆ ಕೇಳಿದ್ದರು. ಪುಟಗಟ್ಟಲೆ ಬರೆಯುವ ಭಾವ, "ನನ್ನ ಅಜಾಗರೂಕತೆಯಿಂದ ಆಗಿದೆ" ಎಂದು ಒಂದೇ ಸಾಲು ಬರೆದು ಕೊಟ್ಟನಂತೆ. ಅದನ್ನೂ ಹೆಂಡತಿಗೆ ಹೇಳಿ ನಕ್ಕೆ.

ತಿಂಗಳ ಸಭೆಗೆ ಸಿರಸಿಗೆ ಹೋದಾಗ ಯಲ್ಲಾಪುರ ಶಾಖೆಯ ಮುಖ್ಯಸ್ಥರು ಪಕ್ಕದಲ್ಲಿ ಕೂತಿದ್ದರು. ಮುಂಡಗೋಡದ ಕಡೆಯವರು, ಸಂಭಾವಿತರು. ಸಭೆ ಮುಗಿದು ಚಹಾ ಕುಡಿಯುವಾಗ ನಾನು ನನ್ನ ಹಳೇ ತಮಾಷೆಯನ್ನೇ ತೆಗೆದೆ. "ಎಂಥ ಮಡಿ, ಎಂಥ ಪೂಜೆ. ಕೊನೆಗೆ ನಿಮ್ಮ ಕಾರ್ಡೇ ಸುಟ್ಟಿತಲ್ಲ ಸಾಹೇಬರೆ" ಎಂದೆ.

ಅವರು ನನ್ನ ಮುಖ ನೋಡಿದರು. "ನಮ್ಮದ್ಯಾಕ ಸುಡ್ತದರೀ? ಚಲೋ ಇತ್ತು. ನಿಮ್ಮ ಭಾವನವರೇ ಬಂದು ಬಿಚ್ಚಿಕೊಂಡು ಹೋದರು. ಸಿದ್ದಾಪುರದ್ದು ಸುಟ್ಟದ, ಅಲ್ಲಿ ನನ್ನ ತಂಗಿಗೆ ಆರಾಮಿಲ್ಲ, ನಿಮ್ಮ ಫ್ಲಾಪಿ ನಾನೇ ದಿನಾ ಒಯ್ತೀನಿ ಅಂದ್ರು. ಯಾರಿಗೂ ಹೇಳಬ್ಯಾಡ್ರಿ ಅಂದಿದ್ರು. ನೀವು ಅವರ ಮನ್ಯಾವ್ರು, ನಿಮಗ ಗೊತ್ತಿರತದ ಅಂದ್ಕೊಂಡೆ."

ಚಹಾವನ್ನು ಅರ್ಧಕ್ಕೇ ಇಟ್ಟು ಎದ್ದೆ.

ನಾನು ಅಲ್ಲಿಂದ ನೇರ ಬಸ್ ನಿಲ್ದಾಣಕ್ಕೆ ಹೋಗಿ ಕೂತೆ. ಪಕ್ಕದ ಮನೆಯವರಿಗೆ ಅಂದು ತಡವಾಗುತ್ತದೆ ಎಂದು ಮೊದಲೇ ಹೇಳಿದ್ದೆ. ಏಳರ ಸುಮಾರಿಗೆ ಯಲ್ಲಾಪುರದ ಬಸ್ಸು ಬಂತು. ಎಲ್ಲರೂ ಇಳಿದ ಮೇಲೆ ಭಾವ ಇಳಿದ. ಮಳೆಗೆ ಒದ್ದೆಯಾಗಬಾರದೆಂದು ಫ್ಲಾಪಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ, ಮೈಯೆಲ್ಲ ಒದ್ದೆ. ಒಂದು ತಿಂಗಳಿನಲ್ಲಿ ಇಳಿದುಹೋಗಿದ್ದ. ನನ್ನನ್ನು ನೋಡಿದವನೇ ಗಾಬರಿಯಾದ.

"ಲೈನ್ ಹೋತಾ?"

"ಇಲ್ಲೆ."

"ಮತ್ತೆ ಎಂತಕ್ಕೆ ಬಂದೆ? ತಂಗಿ ಹತ್ರ ಯಾರಿದ್ದ?"

"ಇದ್ದ. ಭಾವ, ಸುಟ್ಟಿದ್ದು ಯನ್ನ ಕಾರ್ಡೇಯ."

ಅವನು ಅಂಗಿಯೊಳಗಿನ ಫ್ಲಾಪಿ ಒದ್ದೆಯಾಗಿದೆಯೋ ಎಂದು ಮುಟ್ಟಿ ನೋಡಿಕೊಂಡ. ನಾನೇ ಹೇಳಿದೆ, "ವೈರು ತೆಗದಾತು ಹೇಳಿ ಅವತ್ತು ಸುಳ್ಳು ಹೇಳಿದ್ದಾಗಿತ್ತು."

"ಗೊತ್ತಿದ್ದು. ಕಾರ್ಡು ನೋಡಿದ್ರೆ ತಿಳೀತು."

"ಯಂಗೊಂದು ಮಾತು ಹೇಳವಾಗಿತ್ತು."

ಭಾವ ಯೋಚಿಸಿದ. ಅವನು ಯೋಚಿಸುವುದನ್ನು ನೋಡುತ್ತ ನಾನು ಸುಮ್ಮನೆ ನಿಂತೆ. ಅವನಿಗೆ ಅವಸರ ಮಾಡದೆ ನಿಂತದ್ದು ಜೀವಮಾನದಲ್ಲಿ ಅದೇ ಮೊದಲ ಸಲ ಇರಬೇಕು.

"ಹೇಳಿದ್ರೆ ನೀನು ಮುಖ ಸಣ್ಣ ಮಾಡ್ಕಂಡು ಮನೇಲಿ ಕೂರ್ತಿದ್ದೆ" ಎಂದ. "ತಂಗಿಗೆ ದಿನಾ ನೋಡ್ಲೆ ಇಪ್ಪದು ನಿನ್ನ ಮುಖ ಒಂದೇಯ. ಅದು ನಗ್ತಾ ಇರಲಿ ಹೇಳಿ ಕಂಡ್ತು."

ನಾಳೆಯಿಂದ ಯಲ್ಲಾಪುರಕ್ಕೆ ನಾನು ಹೋಗುತ್ತೇನೆ ಎಂದೆ. "ಹುಚ್ಚ" ಎಂದ. "ಯನ್ನ ಕಾಯ್ತಾ ಯಾರು ಕೂತಿರ್ತ?" ಎಂದು, ಅದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲ ಎನ್ನುವ ಹಾಗೆ, ಫ್ಲಾಪಿ ಕೊಡಲು ಕಚೇರಿಯ ಕಡೆಗೆ ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿ, ಸಿದ್ದಾಪುರದ ಬಸ್ಸು ಹೊರಟಿದೆ ಎಂದು ಕೈಮಾಡಿ ತೋರಿಸಿದ.

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಮನೆ ಮುಟ್ಟುವಷ್ಟರಲ್ಲಿ ಮುಖವನ್ನು ಸರಿಮಾಡಿಕೊಳ್ಳಬೇಕಿತ್ತು, ಅವಳು ಬಾಗಿಲು ನೋಡುತ್ತ ಮಲಗಿರುತ್ತಾಳೆ. ದಾರಿಯುದ್ದಕ್ಕೂ ಕಿಟಕಿಯ ಗಾಜಿನಲ್ಲಿ ನೋಡಿಕೊಳ್ಳುತ್ತ ನಗಲು ಪ್ರಯತ್ನಿಸಿದೆ. ಸಿದ್ದಾಪುರ ಬಂದರೂ ಆಗಲಿಲ್ಲ.